ಮುಗಿಸಬಾರದ ಗೋಡೆ

ಊರಿನವರು ಅವನನ್ನು ಲೈವಣ್ಣ ಎಂದು ಕರೆಯುತ್ತಿದ್ದರು. ನೂರಾರು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಗೋಡೆಯಗಲ ಚಿತ್ರವನ್ನು ಲೈವ್ ಆಗಿ ಬರೆಯುವವನು, ಆದ್ದರಿಂದ ಲೈವಣ್ಣ. ಹುಟ್ಟಿದಾಗ ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು. ನೋಡುವವರಿಲ್ಲದಿದ್ದರೆ ಈ ಮನುಷ್ಯ ಸ್ವಂತ ಮನೆಯ ಕಿಟಕಿಗೂ ಬಣ್ಣ ಹಚ್ಚುವುದಿಲ್ಲ ಎಂದು ಹೆಂಡತಿ ದೂರುತ್ತಿದ್ದಳು. ಕಿಟಕಿಯ ಅವಸ್ಥೆ ನೋಡಿದರೆ ಅವಳು ಹೆಚ್ಚು ಮಾಡಿ ಹೇಳುತ್ತಿದ್ದಾಳೆ ಎನ್ನುವಂತಿರಲಿಲ್ಲ.

ಅವನಿಗೆ ಕುಂಚ ಹಿಡಿಯಲು ಕಲಿಸಿದವಳು ಸೋದರತ್ತೆ. ತಾಯಿಯಿಲ್ಲದ ಅಣ್ಣನ ಮಗನನ್ನು ತಂದು ಸಾಕಿದವಳು, ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವಳು. ಅವಳದ್ದೊಂದು ಕಟ್ಟುನಿಟ್ಟು: ಅರ್ಧ ಬರೆದ ಬೋರ್ಡನ್ನು ಯಾರಿಗೂ ತೋರಿಸುವಂತಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಕೆಲಸದ ಜಾಗಕ್ಕೆ ಅಡ್ಡವಾಗಿ ಒಂದು ಹಳೆಯ ಬೆಡ್‌ಶೀಟು ಕಟ್ಟುತ್ತಿದ್ದಳು. ಬೋರ್ಡು ಮಾಡಿಸುತ್ತಿರುವ ಸಾಹುಕಾರನೇ ಬಂದು ಇಣುಕಿದರೂ ಒಳಗಿನಿಂದ ಕುಂಚದ ಹಿಡಿಯಲ್ಲಿ ತಿವಿತ ಬೀಳುತ್ತಿತ್ತು.

"ಅರ್ಧ ಆದ ಕೆಲಸ ಕಂಡ್ರೆ ಸಾಕು, ಎಲ್ಲರಿಗೂ ಬುದ್ಧಿ ಬಂದ್ಬಿಡುತ್ತೆ" ಎನ್ನುತ್ತಿದ್ದಳು ಅತ್ತೆ. "ಈ ಅಕ್ಷರ ಸ್ವಲ್ಪ ದಪ್ಪ ಮಾಡಿ ಅಂತಾನೆ ಒಬ್ಬ, ಮೂಲೇಲಿ ಒಂದು ಗಿಳಿ ಕೂರಿಸಿ ಅಂತಾನೆ ಇನ್ನೊಬ್ಬ. ಕೊನೆಗೆ ಚಪ್ಪಲಿ ಅಂಗಡಿ ಬೋರ್ಡಲ್ಲಿ ಚಪ್ಪಲಿ ಒಂದು ಬಿಟ್ಟು ಬೇರೆ ಎಲ್ಲಾ ಇರುತ್ತೆ. ಮುಗಿಸಿ ತೋರಿಸು. ಬೈಯೋದಿದ್ರೂ ಒಟ್ಟಿಗೇ ಬೈದು ಹೋಗಲಿ."

ಲೈವಣ್ಣ ದಾರಿ ತಪ್ಪಿದ್ದು ಒಂದು ಬೇಕರಿಯ ಶಟರಿನ ಮುಂದೆ. ಆಗಿನ್ನೂ ಅವನು ಲೈವಣ್ಣ ಆಗಿರಲಿಲ್ಲ, ಕೆಲಸವಿಲ್ಲದೆ ನೊಣ ಹೊಡೆಯುತ್ತಿದ್ದ ಬರಿಯ ಬೋರ್ಡಿನವನು. ಕಂಪ್ಯೂಟರಿನಲ್ಲಿ ಒತ್ತಿ ತೆಗೆಯುವ ಪ್ಲಾಸ್ಟಿಕ್ ಬೋರ್ಡು ಬಂದ ಮೇಲೆ ಅತ್ತೆಯ ಅಂಗಡಿಗೆ ಬರುವವರು ಹರಟೆಗೆ ಬರುತ್ತಿದ್ದರೇ ಹೊರತು ಬೋರ್ಡಿಗಲ್ಲ. ಅಂಥ ದಿನಗಳಲ್ಲಿ ಬೇಕರಿಯವನು ಶಟರಿನ ಮೇಲೊಂದು ಕೇಕು ಬರೆಯಲು ಕರೆದ. ಅವಸರದಲ್ಲಿ ಹೊರಟ ಲೈವಣ್ಣ ಬೆಡ್‌ಶೀಟನ್ನು ಮನೆಯಲ್ಲೇ ಮರೆತ. ಎರಡನೇ ಪದರದ ಕ್ರೀಮು ಹಚ್ಚುವ ಹೊತ್ತಿಗೆ ಬೆನ್ನ ಹಿಂದೆ ಮೂವತ್ತು ಜನ ನಿಂತಿದ್ದರು. ಚೆರ್ರಿ ಹಣ್ಣು ಇಡುವಾಗ ಚಪ್ಪಾಳೆ ಬಿತ್ತು. ನಿಂತವರು ಸುಮ್ಮನೆ ನಿಲ್ಲಲಾರದೆ ಬನ್ನು ಕೊಂಡು ತಿಂದರು. ಸಂಜೆ ಬೇಕರಿಯವನು ಖಾಲಿ ಕಪಾಟು ನೋಡಿ, ಕೈ ಉಜ್ಜಿಕೊಳ್ಳುತ್ತಾ ಕೇಳಿದ: "ನಾಳೆ ಇದನ್ನ ಅಳಿಸಿ ಇನ್ನೊಂದ್ಸಲ ಬರೀತೀರಾ?"

ಹಾಗೆ ಶುರುವಾದದ್ದು ಮದುವೆ ಮಂಟಪ, ಕಂಪನಿಗಳ ವಾರ್ಷಿಕೋತ್ಸವ, ಮೊಬೈಲ್ ಅಂಗಡಿಗಳ ಉದ್ಘಾಟನೆ ಎಂದು ಹಬ್ಬಿಕೊಂಡಿತು. ಕಲೆಗಿಂತ ಹೆಚ್ಚಾಗಿ ಜನರಿಗೆ ಏನು ಹಿಡಿಸುತ್ತದೆ ಎಂಬುದನ್ನು ಲೈವಣ್ಣ ಬಲುಬೇಗ ಅರೆದು ಕುಡಿದ. ಏಣಿ ಹತ್ತಬೇಕು, ನೆಲದ ಮೇಲೆ ನಿಂತು ಬರೆದರೆ ಜನ ಊಟಕ್ಕೆ ಎದ್ದು ಹೋಗುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಎರಡು ಹೆಜ್ಜೆ ಹಿಂದೆ ಬಂದು ಒಂದು ಕಣ್ಣು ಮುಚ್ಚಬೇಕು. ನಡುವೆ ಒಮ್ಮೆ ಬೇಕೆಂದೇ ಒಂದು ಗೆರೆ ಕೆಡಿಸಬೇಕು, 'ಅಯ್ಯೋ' ಎಂಬ ಉದ್ಗಾರ ಏಳಬೇಕು, ಆ ಗೆರೆಯನ್ನೇ ಮೋಡವನ್ನೋ ಮೀಸೆಯನ್ನೋ ಮಾಡಬೇಕು. ಎಪ್ರನ್ನಿಗೆ ಬಣ್ಣ ಸಿಡಿದಿರಬೇಕು. ಅತ್ತೆಯ ಕೈಯಲ್ಲಿ ಪಳಗಿದವನು ಒಂದು ಹನಿಯೂ ಚೆಲ್ಲುತ್ತಿರಲಿಲ್ಲವಾದ್ದರಿಂದ, ಹೊಸ ಎಪ್ರನ್ನಿಗೆ ಹಿಂದಿನ ದಿನವೇ ಹಿತ್ತಿಲಲ್ಲಿ ಹೆಂಡತಿಯ ಕೈಯಿಂದ ಬಣ್ಣ ಎರಚಿಸಿಕೊಳ್ಳುತ್ತಿದ್ದ. ಆ ಕೆಲಸವನ್ನು ಅವಳು ಸಂತೋಷದಿಂದಲೇ ಮಾಡುತ್ತಿದ್ದಳು. ಕೆಲವೊಮ್ಮೆ ಎಪ್ರನ್ನು ಅವನ ಮೈಮೇಲಿರುವಾಗಲೇ.

ಕಾರ್ಯಕ್ರಮ ಮುಗಿದ ಕೂಡಲೇ ಸ್ಟೇಜಿನವರು ಚಿತ್ರ ಬರೆದ ಹಲಗೆಗಳನ್ನು ಬಿಚ್ಚಿ ಲಾರಿಗೆ ತುಂಬುತ್ತಿದ್ದರು. ಮುಂದಿನ ಕಾರ್ಯಕ್ರಮಕ್ಕೆ ಅದೇ ಹಲಗೆ, ಅದರ ಮೇಲೆ ಬಿಳಿ ಬಣ್ಣ. ನಾಲ್ಕು ವರ್ಷದಲ್ಲಿ ಮುನ್ನೂರು ಚಿತ್ರ ಬರೆದವನಿಗೆ ಇದು ನನ್ನದು ಎಂದು ಬೆರಳು ತೋರಿಸಲು ಒಂದು ಮೊಳ ಜಾಗವಿರಲಿಲ್ಲ.

ಇದು ಅವನಿಗೆ ನಾಟಿದ್ದು ಅತ್ತೆಯಿಂದ. ಊರೆಲ್ಲ ನೋಡಿದ ಅವನ ಕೆಲಸವನ್ನು ಅವಳೊಬ್ಬಳು ನೋಡಿರಲಿಲ್ಲ. ಕರೆದಾಗಲೆಲ್ಲ ಒಂದೇ ಮಾತು: "ಬರೀತಿರೋವಾಗ ಬಂದು ನಾನೇನು ಮಾಡ್ಲಿ? ಮುಗಿದದ್ದು ಯಾವುದಾದ್ರೂ ಇದ್ರೆ ಹೇಳು, ಬರ್ತೀನಿ." ಫೋಟೋ ತೋರಿಸಿದರೆ ಮುಖ ತಿರುಗಿಸುತ್ತಿದ್ದಳು. "ಫೋಟೋದಲ್ಲಿ ನಿಮ್ಮ ಮಾವನೂ ಚೆನ್ನಾಗೇ ಇದ್ರು."

ನಾಲ್ಕನೇ ವರ್ಷ ಕಣ್ಣಿನ ಡಾಕ್ಟರು ಲೈವಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದರು. ಅತ್ತೆಯ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನ ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ, ಕೊಳವೆಯಲ್ಲಿ ನೋಡಿದ ಹಾಗೆ ನಡುವಿನಷ್ಟೇ ಕಾಣುತ್ತದೆ, ಹನಿ ಹಾಕಿದರೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. "ಆರು ತಿಂಗಳು. ತುಂಬಾ ಆದ್ರೆ ಒಂದು ವರ್ಷ." ಅತ್ತೆ ಹೊರಗೆ ಬಂದು, ಆಸ್ಪತ್ರೆಯ ಪ್ಲಾಸ್ಟಿಕ್ ಬೋರ್ಡಿನ ಅಕ್ಷರಗಳು ಎಷ್ಟು ದರಿದ್ರವಾಗಿವೆ ಎಂದು ಬಸ್ಸು ಬರುವವರೆಗೂ ಬೈದಳು.

ಅತ್ತೆಗೆ ಕಣ್ಣು ಇರುವಾಗಲೇ ಒಂದು ಮುಗಿದ ಚಿತ್ರ ತೋರಿಸಬೇಕು. ಆ ದಿನದಿಂದ ಅವನಿಗೆ ಇದೊಂದೇ ಜಪವಾಯಿತು.

ಎರಡು ತಿಂಗಳೊಳಗೆ ಗೋಡೆಯೂ ಸಿಕ್ಕಿತು. ಹೊಸದಾಗಿ ತೆರೆದ ಮೂರಂತಸ್ತಿನ ಪೀಠೋಪಕರಣದ ಮಳಿಗೆ, ನೆಲಮಹಡಿಯಲ್ಲಿ ನಲವತ್ತಡಿ ಉದ್ದದ ಖಾಲಿ ಗೋಡೆ. ಮಾಲೀಕ ಕಲಾರಸಿಕ, ತಾನು ಕಲಾರಸಿಕ ಎಂದು ತಾನೇ ಹೇಳಿದ. "ನಿಮಗಿಷ್ಟ ಬಂದದ್ದು ಬರೀರಿ ಸಾರ್. ಕಟ್ಟಡ ಇರೋವರೆಗೂ ನಿಮ್ಮ ಚಿತ್ರ ಇರುತ್ತೆ. ಒಂದೇ ಒಂದು ಷರತ್ತು, ಲೈವ್ ಆಗಿ ಬರೀಬೇಕು. ಹದಿನೈದು ದಿನ ಸಾಕಲ್ವಾ?"

ಲೈವಣ್ಣ ಅದೇ ಸಂಜೆ ಅತ್ತೆಯ ಅಂಗಡಿಗೆ ಓಡಿದ. ಅವಳು ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುತ್ತಿದ್ದಳು, ಅವನ ಮನೆಗೆ ಬಾ ಎಂದರೆ ಬಾರದೆ. "ಹದಿನೈದು ದಿನ ಅತ್ತೆ. ಹದಿನಾರನೇ ದಿನ ಬಂದು ನೋಡು."

"ಬರ್ತೀನಿ. ಮೊದಲು ಮುಗಿಸು" ಎಂದಳು ಅತ್ತೆ.

ಏನು ಬರೆಯಬೇಕೆಂದು ಅವನು ಯೋಚಿಸಲೇ ಇಲ್ಲ. ಒಂದು ಅಂಗಡಿ ಬೀದಿ. ಅತ್ತೆ ಬರೆದ, ಈಗ ಎಲ್ಲೂ ಇಲ್ಲದ ಬೋರ್ಡುಗಳೆಲ್ಲ ಸಾಲಾಗಿ: ಗಡಿಯಾರ ರಿಪೇರಿ, ಹೊಲಿಗೆ ಅಂಗಡಿ, ಹಾಲಿನ ಡಿಪೋ, ಸೈಕಲ್ ಬಾಡಿಗೆ, ಹಲ್ಲಿನ ಡಾಕ್ಟರು. ಬೀದಿಯ ನಡುವೆ ಏಣಿ. ಏಣಿಯ ಮೇಲೆ ಬೆನ್ನು ತಿರುಗಿಸಿ ನಿಂತು, ನಡುಗದಂತೆ ಕೈಯನ್ನು ಕೋಲಿಗೆ ಊರಿ ಬೋರ್ಡು ಬರೆಯುತ್ತಿರುವ ಹೆಂಗಸು. ಅತ್ತೆಯ ಒಂದೊಂದು ಅಕ್ಷರದ ತಿರುವೂ ಅವನ ಬೆರಳಿನಲ್ಲಿತ್ತು. ಏಣಿ ಇಳಿಯುವುದನ್ನು, ಕಣ್ಣು ಮುಚ್ಚುವುದನ್ನು, ಬೇಕೆಂದು ಗೆರೆ ಕೆಡಿಸುವುದನ್ನು ಅವನು ಮರೆತೇಬಿಟ್ಟ. ಜನ ಮಾತ್ರ ಮರೆಯದೆ ಬಂದರು. ಮಳಿಗೆಯ ಸೋಫಾಗಳ ಮೇಲೆ ಕೂತು ನೋಡಿದರು. ಕೂತವರಿಗೆ ಸೋಫಾ ಮೆತ್ತಗಿದೆ ಅನ್ನಿಸಿತು. ಮೆತ್ತಗಿದೆ ಅನ್ನಿಸಿದವರು ಬೆಲೆ ಕೇಳಿದರು.

ಹನ್ನೆರಡನೇ ದಿನ ಮಾಲೀಕ ತಾನೇ ಕಾಫಿ ಹಿಡಿದುಕೊಂಡು ಏಣಿಯ ಬುಡಕ್ಕೆ ಬಂದ. ಮಾಲೀಕರು ತಾವೇ ಕಾಫಿ ತಂದರೆ ಕೆಲಸದವರು ಎಚ್ಚರವಾಗಬೇಕು ಎನ್ನುವಷ್ಟು ಬುದ್ಧಿ ಲೈವಣ್ಣನಿಗೆ ಇರಲಿಲ್ಲ.

"ಎಷ್ಟು ಉಳಿದಿದೆ ಸಾರ್?"

"ಮೂರು ದಿನ ಸಾರ್. ಮುಗಿಸಿಬಿಡ್ತೀನಿ."

"ಅದೇ, ಮುಗಿಸಬೇಡಿ."

ಲೈವಣ್ಣ ಏಣಿಯಿಂದ ಇಳಿದ.

"ನೋಡಿ ಸಾರ್, ಮುಗಿದುಹೋದ್ರೆ ಅದು ಬರೀ ಗೋಡೆ. ಗೋಡೆ ನೋಡೋಕೆ ಯಾರು ಬರ್ತಾರೆ? ಅವರವರ ಮನೇಲೇ ನಾಲ್ಕು ಇರುತ್ತೆ. ನೀವು ಬರೀತಾ ಇರ್ಬೇಕು, ಅವರು ಕೂತು ನೋಡ್ತಾ ಇರ್ಬೇಕು. ತಿಂಗಳ ಸಂಬಳ ಮಾಡ್ತೀನಿ. ಭಾನುವಾರ ಊಟ ನಮ್ಮದೇ."

ಮುನ್ನೂರು ಚಿತ್ರ ಬರೆದರೂ ಮುಂದಿನ ತಿಂಗಳು ಕೆಲಸ ಇರುತ್ತದೋ ಇಲ್ಲವೋ ಎಂದು ಹೆದರುತ್ತಲೇ ಬದುಕಿದ್ದ ಮನುಷ್ಯನಿಗೆ ತಿಂಗಳ ಸಂಬಳ ಎಂಬ ಮಾತು ಜೇನಿನ ಹಾಗೆ ಕಿವಿಗೆ ಇಳಿಯಿತು. ಒಂದೇ ಒಂದು ತಿಂಗಳು ತಳ್ಳೋಣ, ಅತ್ತೆಗೆ ಡಾಕ್ಟರು ಆರು ತಿಂಗಳು ಅಂದಿದ್ದಾರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಡಾಕ್ಟರು ಹೇಳಿ ಆಗಲೇ ಎರಡು ತಿಂಗಳ ಮೇಲಾಗಿತ್ತು; ಆ ಲೆಕ್ಕ ಅವನಿಗೆ ಹೊಳೆಯಲಿಲ್ಲ, ಅಥವಾ ಹೊಳೆಯದಂತೆ ನೋಡಿಕೊಂಡ. ಕುತ್ತಿಗೆಗೆ ಕಾರ್ಡು ಬಿತ್ತು: ಲೈವ್ ಕಲಾವಿದ, ನೆಲಮಹಡಿ. ಬೆಳಿಗ್ಗೆ ಹತ್ತಕ್ಕೆ ಹೆಬ್ಬೆಟ್ಟು ಒತ್ತಿ ಒಳಗೆ ಹೋಗುವ ಕಲಾವಿದ ಆ ಊರಿಗೆ ಅವನೇ ಮೊದಲಿಗ.

ಮುಗಿಸದೆ ಇರುವುದು ಎಂಥ ಕಷ್ಟದ ಕೆಲಸ ಎಂದು ಅವನಿಗೆ ಆಗ ಗೊತ್ತಾಯಿತು. ಒಂದು ವಾರ ಹಾಲಿನ ಡಿಪೋ ಮುಂದೆ ನಾಯಿ ಬರೆದ. ಮುಂದಿನ ವಾರ ನಾಯಿ ಅಳಿಸಿದ. ಅದಕ್ಕೆ ಮರುಗಿದ ಗಿರಾಕಿಗಳು ದೂರು ಕೊಟ್ಟರು. ಮೂರನೇ ವಾರ ನಾಯಿ ವಾಪಸ್ಸು ಬಂತು, ಈ ಸಲ ಮರಿಗಳ ಜೊತೆ. ಮಾಲೀಕ ಬಾಗಿಲ ಬಳಿ ಸಲಹಾ ಪೆಟ್ಟಿಗೆ ಇಟ್ಟ. ಸಲಹೆಗಳು ಚೀಲಗಟ್ಟಲೆ ಬಂದವು. ಆಕಾಶಕ್ಕೆ ಸ್ವಲ್ಪ ನಗುಮುಖ ಇರಲಿ. ಹಲ್ಲಿನ ಡಾಕ್ಟರು ಎಂದರೆ ಮಕ್ಕಳು ಹೆದರುತ್ತಾರೆ, ಐಸ್‌ಕ್ರೀಮ್ ಎಂದು ಮಾಡಿ. ಬೀದಿಯಲ್ಲಿ ಒಂದು ಸೋಫಾ ಇದ್ದರೆ ಚೆನ್ನ. ಈ ಕೊನೆಯದ್ದು ಹದಿನೇಳು ಚೀಟಿಗಳಲ್ಲಿ ಒಂದೇ ಕೈಬರಹದಲ್ಲಿ ಬಂದಿತ್ತು, ಅದೂ ಮಾಲೀಕನ ಕೈಬರಹದಲ್ಲಿ.

ಸೋಫಾ ಬಂತು. ಬೋರ್ಡುಗಳೆಲ್ಲ ಮಳಿಗೆಯ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಲೈವಣ್ಣ ಹಲ್ಲು ಕಚ್ಚಿಕೊಂಡು ಬರೆದ, ಜನ ಹಲ್ಲು ಬಿಟ್ಟುಕೊಂಡು ನೋಡಿದರು. ಅತ್ತೆಯ ಕಡೆ ಹೋಗುವುದನ್ನೇ ಅವನು ಬಿಟ್ಟ. ಹೋದರೆ ಮುಗೀತಾ ಎಂದು ಕೇಳುತ್ತಾಳೆ. ಫೋನಿನಲ್ಲಿ ಸುಳ್ಳು ಹೇಳುವುದು ಸುಲಭವಿತ್ತು: ಮುಂದಿನ ವಾರ ಅತ್ತೆ, ಇನ್ನೊಂದು ಚೂರು ಅತ್ತೆ. ಹೆಂಡತಿ ಎರಡು ದಿನಕ್ಕೊಮ್ಮೆ ಅತ್ತೆಯನ್ನು ನೋಡಿ ಬರುತ್ತಿದ್ದಳು. ಹೇಗಿದ್ದಾಳೆ ಎಂದರೆ "ಹೋಗಿ ನೀವೇ ನೋಡಿ" ಎನ್ನುತ್ತಿದ್ದಳು, ಅಷ್ಟೇ.

ನಾಲ್ಕು ತಿಂಗಳು ಹೀಗೆ ಉರುಳಿದ ಮೇಲೆ ಮಾಲೀಕ ಮತ್ತೆ ಕಾಫಿ ತಂದ.

"ಆ ಏಣಿ ಮೇಲೆ ನಿಂತಿದ್ದಾಳಲ್ಲ ಸಾರ್ ಅಜ್ಜಿ, ನೋಡಿದ್ರೆ ಪಾಪ ಅನ್ಸುತ್ತೆ. ಕಾಲು ನೋಯಲ್ವಾ? ಇಳಿಸಿಬಿಡಿ. ನಮ್ಮ ಹೊಸ ಆರಾಮಕುರ್ಚಿ ಬಂದಿದೆ, ಕಾಲು ಚಾಚ್ಕೊಂಡು ಕೂರಿಸಿ. ಮುಖ ಈ ಕಡೆ ತಿರುಗಲಿ, ಸ್ವಲ್ಪ ನಗಲಿ."

ಲೈವಣ್ಣನಿಗೆ ಆ ಕಾಫಿಯನ್ನು ಮಾಲೀಕನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ, ಕುಡಿದ. ಮನೆಗೆ ಬಂದು ಹೆಂಡತಿಗೆ ಹೇಳಿದ: "ಮನೇಲಿರೋ ಬೆಡ್‌ಶೀಟೆಲ್ಲ ಸೇರಿಸಿ ಹೊಲಿದುಕೊಡು. ನಲವತ್ತಡಿ ಬೇಕು."

ಮರುದಿನ ಬೆಳಿಗ್ಗೆ ಹೂವಿನ ಬೆಡ್‌ಶೀಟು, ಗೆರೆ ಬೆಡ್‌ಶೀಟು, ಮಗಳ ಆನೆ ಚಿತ್ರದ ಬೆಡ್‌ಶೀಟು ಎಲ್ಲ ಒಂದಾಗಿ ಮಳಿಗೆಯ ಗೋಡೆಗೆ ಅಡ್ಡ ನಿಂತವು. ಮಾಲೀಕ ಕೆಂಡವಾಗಿ ಓಡಿ ಬಂದ. ಬಣ್ಣಕ್ಕೆ ಧೂಳು ಕೂರ್ತಿದೆ ಸಾರ್ ಎಂದು ಲೈವಣ್ಣ ಒಳಗಿನಿಂದ ಕೂಗಿದ. ಈವತ್ತೇ ಕಾರ್ಡು ಕಿತ್ತುಕೊಂಡು ಕಳಿಸುತ್ತಾನೆ, ಅಷ್ಟರಲ್ಲಿ ಆದಷ್ಟು ಮುಗಿಸೋಣ ಎಂದು ಕೈ ಓಡಿಸಿದ.

ಸಂಜೆಯವರೆಗೂ ಯಾರೂ ಕಳಿಸಲಿಲ್ಲ. ಸಂಜೆ ಪರದೆಯ ಸಂದಿಯಲ್ಲಿ ಮಾಲೀಕನ ಮುಖ ಕಂಡಿತು. ಆ ಮುಖದಲ್ಲಿ ಆನಂದಬಾಷ್ಪ ಇತ್ತು.

"ಸಾರ್, ಹೊರಗೆ ಕೂರೋಕೆ ಜಾಗ ಇಲ್ಲ. ಒಳಗೆ ಏನು ನಡೀತಿದೆ ಅಂತ ಪಂಥ ಕಟ್ತಿದ್ದಾರೆ. ದಯವಿಟ್ಟು ಪರದೆ ತೆಗೀಬೇಡಿ."

"ಎಷ್ಟು ದಿನ?"

"ಯಾವತ್ತೂ ತೆಗೀಬೇಡಿ. ಒಳಗೆ ನೀವು ಏನೂ ಮಾಡ್ದಿದ್ರೂ ಪರವಾಗಿಲ್ಲ. ಆಗಾಗ ಬಟ್ಟೆ ಸ್ವಲ್ಪ ಅಲ್ಲಾಡಿಸ್ತಿರಿ, ಸಾಕು."

ಅಂತೂ ಲೈವಣ್ಣನಿಗೆ ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೂ ನೋಡದ ಜಾಗ ಸಿಕ್ಕಿತು. ಇಪ್ಪತ್ತು ದಿನ ತಲೆ ಎತ್ತದೆ ಬರೆದ. ಸೋಫಾ ಹೋಯಿತು, ಐಸ್‌ಕ್ರೀಮ್ ಹೋಯಿತು, ನಗುಮುಖದ ಆಕಾಶ ಹೋಯಿತು. ಕಿತ್ತಳೆ ಬಳಿದಿದ್ದ ಬೋರ್ಡುಗಳಿಗೆ ಒಂದೊಂದಾಗಿ ಅವುಗಳ ಬಣ್ಣ ಮರಳಿ ಬಂತು. ನಾಯಿಮರಿಗಳನ್ನು ಮಾತ್ರ ಅಳಿಸಲು ಮನಸ್ಸು ಬರಲಿಲ್ಲ. ಆಗೊಮ್ಮೆ ಈಗೊಮ್ಮೆ ಅವನ ಮೊಣಕೈ ಬಟ್ಟೆಗೆ ತಾಗುತ್ತಿತ್ತು, ಹೊರಗಿನಿಂದ ಹೋ ಎಂಬ ಸದ್ದು ಏಳುತ್ತಿತ್ತು. ಇಪ್ಪತ್ತೊಂದನೇ ದಿನ ಮಧ್ಯಾಹ್ನ ಕುಂಚ ತೊಳೆದಿಟ್ಟು ಅತ್ತೆಗೆ ಫೋನ್ ಮಾಡಿದ.

"ಮುಗೀತು ಅತ್ತೆ. ಈಗಲೇ ಬಾ."

"ಬರ್ತೀನಿ ಅಂದಿದ್ದೆನಲ್ಲ" ಎಂದಳು ಅತ್ತೆ.

ಹೆಂಡತಿಯ ಕೈ ಹಿಡಿದು ಬಂದಳು. ಹೊರಗೆ ಹೋಗುವಾಗ ಉಡುವ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಪರದೆ ಎತ್ತಿ ಇಬ್ಬರನ್ನೂ ಒಳಗೆ ಬಿಟ್ಟುಕೊಂಡಾಗ ಹೊರಗೆ ಸೋಫಾದ ಮೇಲಿದ್ದವರೆಲ್ಲ ಎದ್ದು ನಿಂತರು. ಒಳಗೆ ಹೆಂಡತಿ ಅತ್ತೆಯ ಕೈಬಿಟ್ಟು, ಲೈವಣ್ಣನ ಮುಖ ನೋಡಲಾರದೆ ಮೂಲೆಗೆ ಸರಿದಳು. ಅತ್ತೆ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ನಿಂತಳು. ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಬಂದಿದೆ ಕಣೋ" ಎಂದಳು. "ತುಂಬಾ ಚೆನ್ನಾಗಿದೆ."

ಅವಳು ನೋಡುತ್ತಿದ್ದುದು ಕಂಬವನ್ನು. ಕರೆಂಟಿನ ಸ್ವಿಚ್ಚುಗಳಿದ್ದ ಸುಣ್ಣದ ಕಂಬ. ಚಿತ್ರ ಅಲ್ಲಿಂದ ಬಲಕ್ಕೆ ನಾಲ್ಕಡಿ ದೂರದಲ್ಲಿ ಶುರುವಾಗುತ್ತಿತ್ತು.

"ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ?" ಎಂದು ಗದರಿದಳು. ಆಮೇಲೆ ಅವಳ ಕೈಗಳು ಸೆರಗಿನ ತುದಿಯನ್ನು ಹುಡುಕಿದವು. "ಎರಡು ತಿಂಗಳಾಯ್ತು. ಬೆಳಕು ಯಾವ ಕಡೆ ಅಂತ ಗೊತ್ತಾಗುತ್ತೆ. ಇವಳನ್ನ ಬೈಬೇಡ, ಹೇಳಬಾರದು ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ. ನೀನು ಕೆಲಸದಲ್ಲಿದ್ದೆ. ಮುಗೀತಾ ಬಂತು ಅಂದ್ಯಲ್ಲ."

ನಾಯಿ ಬರೆದ ವಾರ ಅತ್ತೆಗೆ ಕಣ್ಣಿತ್ತು. ನಾಯಿ ಅಳಿಸಿದ ವಾರ ಇತ್ತು. ಆಕಾಶಕ್ಕೆ ನಗುಮುಖ ಬಳಿದ ವಾರವೂ ಇತ್ತು. ಮೂರು ದಿನದ ಕೆಲಸವನ್ನು ಅವನು ಅವಳ ಕಣ್ಣು ಮುಗಿಯುವವರೆಗೆ ಎಳೆದಿದ್ದ, ಯಾರೋ ಸೋಫಾ ಮಾರಿಕೊಳ್ಳಲಿ ಎಂದು. ಲೈವಣ್ಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತ. ಭುಜ ಬಟ್ಟೆಗೆ ತಾಗಿ ಪರದೆ ಅಲುಗಿತು, ಹೊರಗೆ ಜೋರಾಗಿ ಚಪ್ಪಾಳೆ ಬಿತ್ತು.

"ಯಾರೋ ಅವರು?" ಎಂದಳು ಅತ್ತೆ.

"ಗಿರಾಕಿಗಳು."

"ತಟ್ಟಲಿ ಬಿಡು." ಅವಳು ಕೈ ಚಾಚಿ ಅವನ ತೋಳು ಹುಡುಕಿ ಹಿಡಿದಳು. "ಅತ್ತಿದ್ದು ಸಾಕು. ಇಷ್ಟು ದೂರ ಬಂದಿದ್ದೀನಿ, ಏನೇನು ಬರ್ದಿದ್ದೀಯ ಹೇಳು. ಎಡಗಡೆಯಿಂದ ಹೇಳು."

ಲೈವಣ್ಣ ಅವಳನ್ನು ನಾಲ್ಕು ಹೆಜ್ಜೆ ನಡೆಸಿ ಚಿತ್ರದ ಮುಂದೆ ನಿಲ್ಲಿಸಿದ. ಮೂಗು ಒರೆಸಿಕೊಂಡು ಶುರು ಮಾಡಿದ. ಗಡಿಯಾರ ರಿಪೇರಿ, ನೀಲಿ ಮೇಲೆ ಬಿಳಿ. ಹೊಲಿಗೆ ಅಂಗಡಿ, ಹಳದಿ ಅಕ್ಷರಕ್ಕೆ ಕಪ್ಪು ನೆರಳು. ನೆರಳು ಯಾವ ಕಡೆಗೆ ಎಂದು ಅತ್ತೆ ಕೇಳಿದಳು. ಬಲಕ್ಕೆ ಎಂದ. ಹೂಂ ಎಂದಳು. ಹಾಲಿನ ಡಿಪೋ ಮುಂದೆ ನಾಯಿಮರಿಗಳಿವೆ ಎಂದಾಗ ಆ ಬೀದಿಯಲ್ಲಿ ನಾಯಿ ಎಲ್ಲಿತ್ತೋ ಎಂದು ರೇಗಿದಳು. ಹಲ್ಲಿನ ಡಾಕ್ಟರ ಬೋರ್ಡು ಹಸಿರು ಎಂದಾಗ ಬಾಯಿಗೆ ಬಂದಂತೆ ಬೈದಳು: "ಅದು ಕೆಂಪು. ಅವರ ಹೆಂಡತಿ ಹಟ ಮಾಡಿ ಕೆಂಪು ಹಾಕಿಸಿದ್ದು, ನಾನು ಬೇಡ ಅಂದ್ರೂ ಕೇಳ್ಲಿಲ್ಲ." ಅವನು ಕುಂಚದ ಹಿಡಿಯಲ್ಲಿ ಆ ಬೋರ್ಡಿನ ಮೂಲೆಗೆ ಗುರುತು ಹಾಕಿಕೊಂಡ. ಹೀಗೆ ಹೇಳುತ್ತಾ ಹೇಳುತ್ತಾ ಬೀದಿಯ ನಡುವಿಗೆ ಬಂದರು.

"ಇಲ್ಲಿ ಏಣಿ ಇದೆ" ಎಂದ ಲೈವಣ್ಣ. "ಏಣಿ ಮೇಲೆ ನೀನು ನಿಂತು ಬೋರ್ಡು ಬರೀತಿದ್ದೀಯ."

ಅತ್ತೆಯ ಹಿಡಿತ ಅವನ ತೋಳಿನ ಮೇಲೆ ಬಿಗಿಯಾಯಿತು. "ಬೀದೀಲಿ ಜನ ಇದ್ದಾರಾ?"

"ತುಂಬಾ ಜನ ಇದ್ದಾರೆ."

"ಯಾರಾದ್ರೂ ನನ್ನ ನೋಡ್ತಿದ್ದಾರಾ?"

ಲೈವಣ್ಣ ಚಿತ್ರ ನೋಡಿದ. ಸೈಕಲ್ಲಿನವನು, ಹಾಲಿಗೆ ನಿಂತ ಹೆಂಗಸರು, ಕೊಡೆ ಹಿಡಿದ ಮೇಷ್ಟ್ರು, ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. "ಇಲ್ಲ ಅತ್ತೆ. ಎಲ್ಲ ಅವರವರ ಕೆಲಸಕ್ಕೆ ಹೋಗ್ತಿದ್ದಾರೆ."

"ಹಂಗಾದ್ರೆ ಸರಿಯಾಗಿ ಬರ್ದಿದ್ದೀಯ ಕಣೋ" ಎಂದಳು ಅತ್ತೆ. "ಮುಂದಿನ ಅಂಗಡಿ ಹೇಳು."